ತಿಮ್ಮಮ್ಮತ್ತೆ ಹೂತಿಟ್ಟ ಚೂರು

ತಿಮ್ಮಮ್ಮತ್ತೆಯ ಜೊತೆ ಒಂದೇ ಸೂರಿನಡಿ ಬಾಳಿದವರಿಗೆ ಯಮನ ಹೆದರಿಕೆ ಇರುವುದಿಲ್ಲ ಎಂದು ನನ್ನ ಹೆಂಡತಿ ಚಾಮುಂಡೇಶ್ವರಿ ಹೇಳುತ್ತಿದ್ದಳು. ಅವಳು ಆ ಮನೆಗೆ ಬಂದದ್ದು ಮದುವೆಯಾದ ಮೇಲೆ. ನಾನು ಹುಟ್ಟಿದ್ದೇ ಅತ್ತೆಯ ಕೈಯಲ್ಲಿ. ಹಾಗಾಗಿ ಈ ಮಾತು ಹೇಳುವ ಹಕ್ಕು ಅವಳಿಗಿಂತ ನನಗೇ ಹೆಚ್ಚು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಪಡುವಾರಹಳ್ಳಿಯ ತವರಿಗೆ ಬಂದವಳು. ನನ್ನನ್ನು ಹೆತ್ತ ಅವ್ವ ಅವತ್ತೇ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ಮಂಡ್ಯದ ಕಡೆ ಹೋದ. ನನ್ನ ಪಾಲಿಗೆ ಉಳಿದವಳು ಅವಳೊಬ್ಬಳೇ, ಅವಳ ಪಾಲಿಗೆ ನಾನೊಬ್ಬನೇ. ಊರಿಗೆ ಅವಳು ಸೂಲಗಿತ್ತಿ. ಪಡುವಾರಹಳ್ಳಿ ಆಗಲೇ ಹೆಸರಿಗಷ್ಟೇ ಹಳ್ಳಿಯಾಗಿತ್ತು. ಪಕ್ಕದಲ್ಲೇ ಜಯಲಕ್ಷ್ಮಿಪುರಂ ಬಂಗಲೆಗಳು, ಈಚೆಗೆ ನಮ್ಮ ಹೆಂಚಿನ ಮನೆಗಳು, ಎಮ್ಮೆಗಳು, ತಿಪ್ಪೆಗಳು. ಬಂಗಲೆಯ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಹೋಗುವವರೇ. ಆದರೆ ಜಟಕಾ ಸಿಗದ ಹೊತ್ತಿನಲ್ಲಿ ನೋವು ಬಂದರೆ ಅವರ ಮನೆಯ ಆಳೂ ನಮ್ಮ ಬಾಗಿಲಿಗೇ ಓಡಿ ಬರುತ್ತಿದ್ದ.

ಅವಳ ಕಸುಬಿಗೆ ಒಂದು ಕಟ್ಟಳೆ ಇತ್ತು. ಮೈಯಿಂದ ಬಂದದ್ದು ಮಣ್ಣಿಗೆ ಹೋಗಬೇಕು. ಮಗುವಿನ ಹಿಂದೆ ಬರುವ ಮಾಸನ್ನು ಅವಳು ಯಾರ ಕೈಗೂ ಬಿಡುತ್ತಿರಲಿಲ್ಲ. ಆ ಮನೆಯ ಹಿತ್ತಲಲ್ಲೇ ಗುಂಡಿ ತೋಡಿಸಿ, ಅರಿಸಿನ ಹಾಕಿ, ಬೇವಿನ ಸೊಪ್ಪು ಮುಚ್ಚಿ, ಮಣ್ಣೆಳೆದು, ಮೇಲೊಂದು ಕಲ್ಲು ಇಡುತ್ತಿದ್ದಳು. ನಾಯಿ ಕೆದಕಿದರೆ ಆ ಮಗು ಏಳಿಗೆಯಾಗುವುದಿಲ್ಲ ಎಂದು ಅವಳ ನಂಬಿಕೆ. ನಮ್ಮ ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಪಕ್ಕ ಒಂದು ಚಪ್ಪಟೆ ಕಲ್ಲಿತ್ತು. ನಾನು ಚಿಕ್ಕವನಿದ್ದಾಗ ಅದರ ಮೇಲೆ ನಿಂತರೆ ಸಾಕು, “ಇಳಿಯೋ, ಅದು ನಿಂದೇ ಕಣೋ!” ಎಂದು ಗದರುತ್ತಿದ್ದಳು.

ಐವತ್ತೇಳನೇ ಇಸವಿಯ ಬೇಸಿಗೆಗೆ ಅವಳು ಇಳಿದುಹೋದಳು. ಹೊರಕಡೆಗೆ ಹೋದಾಗ ರಕ್ತ ಬೀಳುತ್ತಿತ್ತಂತೆ. ಎಷ್ಟು ತಿಂಗಳಿಂದಲೋ ಅದನ್ನು ಮುಚ್ಚಿಟ್ಟಿದ್ದಳು. ಊರ ಹೆಂಗಸರ ಮೈಯನ್ನೆಲ್ಲ ಕೈ ಹಾಕಿ ನೋಡಿದವಳಿಗೆ ತನ್ನ ಮೈಯ ಕಷ್ಟ ಹೇಳಿಕೊಳ್ಳಲು ನಾಚಿಕೆ! ಸೀರೆ ಒಗೆಯುವಾಗ ಚಾಮುಂಡೇಶ್ವರಿಯ ಕಣ್ಣಿಗೆ ಬಿದ್ದ ಮೇಲೆ ಬಾಯಿ ಬಿಟ್ಟಳು. ಆಮೇಲೆ ಶುರುವಾಯಿತು ನೋಡಿ ಕೇರಿಯವರ ಮದ್ದು. ಮೂಲವ್ಯಾಧಿ ಎಂದು ಎಲ್ಲರೂ ತೀರ್ಪು ಕೊಟ್ಟರು. ಒಬ್ಬಳು ಸುವರ್ಣಗೆಡ್ಡೆ ತಂದಳು, ಇನ್ನೊಬ್ಬಳು ಮೂಲಂಗಿ ರಸ ಹಿಂಡಿಕೊಟ್ಟಳು. ಪಕ್ಕದ ಮನೆಯ ಬಸಮ್ಮ ಮುಟ್ಟಿದರೆ ಮುನಿಯ ಬೇರನ್ನು ಸೊಂಟಕ್ಕೆ ಕಟ್ಟಿ, ಉಳಿದವರ ಮದ್ದನ್ನೆಲ್ಲ ನಿಲ್ಲಿಸಬೇಕೆಂದು ಅಪ್ಪಣೆ ಕೊಡಿಸಿ ಹೋದಳು. ಗೆಡ್ಡೆಯ ಪಲ್ಯ ತಿಂದು ತಿಂದು ನನ್ನ ಗಂಟಲೂ ಕೆರೆಯಿತು, ರೋಗ ಮಾತ್ರ ಹಾಗೇ ಇತ್ತು.

ಕೊನೆಗೆ ಜಗಳವಾಡಿಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸರ್ಜನ್ ಡಾಕ್ಟರು ದೀಪವಿರುವ ಕೊಳವೆಯಲ್ಲಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

“ಇದು ಮೂಲವ್ಯಾಧಿ ಅಲ್ಲ ಕಣ್ರೀ. ಕರುಳಿನಲ್ಲಿ ಹುಣ್ಣಾಗಿ ಗಡ್ಡೆ ಕಟ್ಟಿದೆ. ಕ್ಯಾನ್ಸರ್ ಇರಬಹುದು. ಹಳೇ ಆಮಶಂಕೆಯಿಂದಲೂ ಇಂಥದ್ದೇ ಗಡ್ಡೆ ಬರುತ್ತೆ. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ.”

ಆಮಶಂಕೆಯಾದರೆ ಇಂಜೆಕ್ಷನ್‌ಗೆ ವಾಸಿಯಾಗುತ್ತದೆ. ಕ್ಯಾನ್ಸರ್ ಆದರೆ ಕರುಳಿನ ಆ ಭಾಗವನ್ನೇ ಕೊಯ್ದು ತೆಗೆದು, ಮಲ ಹೊಟ್ಟೆಯ ಮೇಲಿಂದ ಬರುವಂತೆ ದಾರಿ ಮಾಡಬೇಕು. ಅಂಥ ಆಪರೇಷನ್ನನ್ನು ಅನುಮಾನದ ಮೇಲೆ ಮಾಡುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. ಆದ್ದರಿಂದ ಗಡ್ಡೆಯಿಂದ ಒಂದು ಚೂರು ಚಿವುಟಿ ತೆಗೆದಿದ್ದರು. ಅದನ್ನು ಲ್ಯಾಬೊರೇಟರಿಯಲ್ಲಿ ಪರೀಕ್ಷೆ ಮಾಡಿದರೆ ಯಾವುದೆಂದು ತಿಳಿಯುತ್ತದೆ. ಅತ್ತೆಯ ಜೀವ ಈಗ ಆ ಚೂರಿನ ಮೇಲೆ ನಿಂತಿತ್ತು.

ಚೂರು ಫಾರ್ಮಲಿನ್ ತುಂಬಿದ ಪುಟ್ಟ ಶೀಸೆಯಲ್ಲಿತ್ತು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಲ್ಯಾಬೊರೇಟರಿ ಬೇರೆ ಕಟ್ಟಡದಲ್ಲಿ. ಅಲ್ಲಿಗೆ ಒಯ್ಯುವ ಜವಾನ ಅವತ್ತು ರಜಾ. ನಾವೇ ಹೋದರೆ ಶನಿವಾರ, ಮಧ್ಯಾಹ್ನಕ್ಕೇ ಬೀಗ ಹಾಕಿತ್ತು. “ಸೋಮವಾರ ಕೊಡಿ, ಔಷಧಿಯಲ್ಲಿದೆ, ಕೆಡಲ್ಲ” ಎಂದರು ಡಾಕ್ಟರು. ಜಟಕಾದಲ್ಲಿ ಅತ್ತೆ ಆ ಶೀಸೆಯನ್ನು ನನ್ನ ಕೈಯಿಂದ ಇಸಿದುಕೊಂಡು ದಾರಿಯುದ್ದಕ್ಕೂ ನೋಡುತ್ತ ಕೂತಳು.

“ಇದು ನಂದಾ?”

“ನಿಂದೇ. ಮುಚ್ಚಳ ತೆಗೀಬೇಡ.”

“ನೋಡಿದ್ಮೇಲೆ ವಾಪಸ್ ಕೊಟ್ಟಾರಾ?”

“ಅದನ್ನ ಇಸ್ಕೊಂಡು ಏನ್ಮಾಡ್ತೀಯ ಅತ್ತೆ, ಸಾರು ಮಾಡ್ತೀಯಾ?” ಎಂದೆ. ಅವಳು ಸುಮ್ಮನಾದಳು. ಅತ್ತೆ ಸುಮ್ಮನಾದಳೆಂದರೆ ನಾನು ಎಚ್ಚರವಾಗಬೇಕಿತ್ತು.

ಭಾನುವಾರ ಮನೆಯಲ್ಲಿ ಕೋಳಿ ಸಾರು. ಕೋಳಿಯ ಲಿವರ್, ಅಂದರೆ ನಾವು ಈಲಿ ಎನ್ನುವುದು, ಚಿಕ್ಕಂದಿನಿಂದ ನನ್ನ ಪಾಲು. ಅತ್ತೆಯೇ ಹುಡುಕಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಅವತ್ತು ಈಲಿ ಇರಲಿಲ್ಲ. ಚಾಮುಂಡೇಶ್ವರಿ ತಿಂದಳೆಂದು ಅವಳ ಮೇಲೆ ಗುರ್ ಎಂದೆ. ಅವಳು ಸಟ್ಟುಗ ಕುಕ್ಕಿ ಒಳಗೆ ಹೋದಳು. ಅತ್ತೆ ತಲೆ ತಗ್ಗಿಸಿ ಮುದ್ದೆ ನುಂಗುತ್ತಿದ್ದಳು.

ಸೋಮವಾರ ಶೀಸೆಯನ್ನು ಲ್ಯಾಬೊರೇಟರಿಗೆ ಕೊಟ್ಟು, ಸೈಕಲ್ಲು ತುಳಿದುಕೊಂಡು ರೈಲ್ವೆ ವರ್ಕ್‌ಶಾಪಿನ ನನ್ನ ಕೆಲಸಕ್ಕೆ ಹೋದೆ. ಶೀಸೆ ತೆಗೆದುಕೊಂಡವರು ಟೆಕ್ನೀಷಿಯನ್ ಗುರುಸಿದ್ದಯ್ಯ. ಹಣೆಯ ತುಂಬ ವಿಭೂತಿ, ಮುಖದ ತುಂಬ ಸಿಡುಕು. ಶೀಸೆಯನ್ನು ಬೆಳಕಿಗೆ ಹಿಡಿದು, “ಏನ್ರೀ, ಡಾಕ್ಟ್ರು ಈ ಸಲ ಧಾರಾಳವಾಗೇ ಕೊಯ್ದವ್ರೆ” ಎಂದು ಗೊಣಗಿದರು. ನಾನು ತಲೆಯಾಡಿಸಿ ಬಂದೆ. ನನಗೇನು ಗೊತ್ತು.

ಮುಂದಿನ ವಾರ ರಿಪೋರ್ಟಿಗೆ ಹೋದರೆ ಗುರುಸಿದ್ದಯ್ಯ ಬಾಗಿಲಲ್ಲೇ ಹಿಡಿದುಕೊಂಡರು.

“ಬನ್ನಿ ಸ್ವಾಮಿ, ಬನ್ನಿ! ನಿಮ್ಮನ್ನೇ ಕಾಯ್ತಿದ್ದೆ. ಲಿಂಗ ಕಟ್ಟಿರೋ ನನ್ನ ಕೈಲಿ ಕೋಳಿ ಕೊಯ್ಸಿದ್ರಲ್ರೀ!”

ನನಗೆ ತಲೆಬುಡ ತಿಳಿಯಲಿಲ್ಲ. ಒಳಗಿದ್ದ ಪ್ಯಾಥಾಲಜಿ ಡಾಕ್ಟರು ನಗು ತಡೆದುಕೊಂಡು ವಿವರಿಸಿದರು. ಶೀಸೆಯಲ್ಲಿದ್ದದ್ದು ಕರುಳಿನ ಚೂರಲ್ಲ, ಲಿವರ್. ಅದೂ ಮನುಷ್ಯನದಲ್ಲ. ಅದರ ಕೆಂಪು ರಕ್ತಕಣಗಳ ಒಳಗೆ ಒಂದೊಂದು ಬೀಜ ಕಾಣುತ್ತಿದೆ, ಮನುಷ್ಯನ ರಕ್ತದಲ್ಲಿ ಹಾಗಿರುವುದಿಲ್ಲ, ಹಕ್ಕಿಗಳಲ್ಲಿ ಇರುತ್ತದೆ. ನನ್ನ ಕಣ್ಣ ಮುಂದೆ ಭಾನುವಾರದ ತಟ್ಟೆ ಬಂತು.

“ಮನುಷ್ಯರ ಮಾಂಸ ದಿನಾ ಕೊಯ್ತೀರಲ್ಲ ಸ್ವಾಮಿ, ಕೋಳಿಗೆ ಯಾಕೆ ಇಷ್ಟು ಸಿಟ್ಟು?” ಎಂದುಬಿಟ್ಟೆ, ಅವಮಾನಕ್ಕೆ ಬೇರೆ ಮಾತು ಹೊಳೆಯದೆ.

“ಅದು ಬೇರೆ ಕಣ್ರೀ. ಅದು ನೌಕರಿ!” ಎಂದು ಗುರುಸಿದ್ದಯ್ಯ ಅಬ್ಬರಿಸಿದರು.

ಡಾಕ್ಟರ ನಗು ಅಷ್ಟರಲ್ಲಿ ನಿಂತಿತ್ತು. “ಒಂದು ವಾರ ದಂಡವಾಯ್ತು. ಕ್ಯಾನ್ಸರ್ ಆಗಿದ್ದರೆ ಅದು ನಮಗೋಸ್ಕರ ಕಾಯೋದಿಲ್ಲ. ಬೇಗ ಇನ್ನೊಂದು ಚೂರು ತೆಗೆಸಿ” ಎಂದರು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೂಗಾಡಿದೆ. ಅತ್ತೆ ಹಿತ್ತಲಲ್ಲಿ ಬೇವಿನ ಕಡ್ಡಿ ಮುರಿಯುತ್ತ ಕೂತಿದ್ದಳು, ಏನೂ ಆಗದವಳ ಹಾಗೆ.

“ಎಲ್ಲಿ ಅತ್ತೆ ಅದು? ಶೀಸೇಲಿದ್ದ ಚೂರು ಎಲ್ಲಿ?”

“ಎಲ್ಲಿರ್ಬೇಕೋ ಅಲ್ಲೈತೆ.” ಗಲ್ಲದಲ್ಲೇ ಮೂಲೆಯ ಹೊಸ ಕಲ್ಲನ್ನು ತೋರಿಸಿದಳು. “ಅರಿಸಿನ ಆಕಿ ಮುಚ್ಚಿವ್ನಿ.”

“ಅದಕ್ಕೆ ಬದಲಾಗಿ ಕೋಳಿ ಈಲಿ ಹಾಕಿದ್ಯಲ್ಲ!”

“ಶೀಸೆ ಖಾಲಿ ಇದ್ರೆ ನೀನ್ ಬೈತೀಯ ಅಂತ ಆಕ್ದೆ. ಅವ್ರು ಕೇಳಿದ್ದು ಮಾಂಸ ತಾನೆ? ಅವ್ರಿಗೆ ಎಂಗೆ ಗೊತ್ತಾಯ್ತು?”

“ಗೊತ್ತಾಗದೆ ಏನು? ಕೋಳಿ ಚೆನ್ನಾಗಿದೆಯಂತೆ ಅತ್ತೆ, ಕೋಳಿಗೆ ಯಾವ ಕಾಯಿಲೆಯೂ ಇಲ್ವಂತೆ! ನಿಂದೇನು ಅಂತ ಹೇಳೋಕೆ ಅವರ ಹತ್ರ ಏನಿದೆ ಈಗ?”

“ಬದುಕಿರೋಳ ಮಾಂಸ ಶೀಸೇಲಿ ಇಟ್ಕೊಂಡು ಊರೆಲ್ಲ ನೋಡ್ಬೇಕಾ? ನಾಳೆ ಅವ್ರು ಅದ್ನ ತಿಪ್ಪೆಗ್ ಎಸೀತಾರೆ. ನಾಯಿ ತಿಂತದೆ. ಆಮೇಲೆ ನಾನ್ ವಾಸಿ ಆದೇನಾ? ಇಷ್ಟ್ ವರ್ಸ ಊರೋರ್ ಮಕ್ಳುದ್ನೆಲ್ಲ ಕಾದಿವ್ನಿ. ನಂದ್ನ ಬುಟ್ಬುಡ್ಲಾ?”

ಗುದ್ದಲಿ ತಂದು ಆ ಕಲ್ಲನ್ನು ಕಿತ್ತು ಅಗೆದೆ. ಬೇವಿನ ಎಲೆ, ಅರಿಸಿನ ಹತ್ತಿದ ಮಣ್ಣು. ಚೂರು ಎಲ್ಲಿ ಹುಡುಕುವುದು, ಸಿಕ್ಕಿದರೂ ಅದು ಯಾವ ಪರೀಕ್ಷೆಗೆ ಬಂದೀತು? ಅತ್ತೆ ಬಂದು ಗುಂಡಿಯನ್ನು ಮತ್ತೆ ಮುಚ್ಚಿ, ಕಲ್ಲು ಇಟ್ಟು, ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿ ಒಳಗೆ ಹೋದಳು. ಇನ್ನೊಂದು ಚೂರು ಕೊಡುವುದಿಲ್ಲ ಎಂದಳು. ಬೈದೆ, ಬೇಡಿದೆ, ಊಟ ಬಿಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೆ ಭಯವಾಗಿತ್ತು, ಅದೇ ನಿಜ. ಅವಳಿಲ್ಲದ ಮನೆಯನ್ನು ನಾನು ಒಂದು ದಿನವೂ ನೋಡಿದವನಲ್ಲ. ಭಯ ಬಂದರೆ ಬೈಯುವುದು ಬಿಟ್ಟು ಬೇರೇನೂ ನನಗೆ ಬರುತ್ತಿರಲಿಲ್ಲ, ಅದನ್ನು ಕಲಿಸಿದವಳೂ ಅವಳೇ.

ಈ ಕಿರುಚಾಟ ಕೇಳಿ ಕೇಳಿ ಸಾಕಾಗಿ ಚಾಮುಂಡೇಶ್ವರಿ ಒಂದು ಬೆಳಿಗ್ಗೆ ನನ್ನ ಮುಂದೆ ಬಂದು ನಿಂತಳು. “ಆ ಲ್ಯಾಬೊರೇಟರಿಯೋರು ಅದನ್ನ ಎಲ್ಲಿಡ್ತಾರೆ, ಏನ್ ಮಾಡ್ತಾರೆ ಅಂತ ಅತ್ತೇಗೆ ಒಂದ್ಸಲನಾದ್ರೂ ತೋರ್ಸಿದ್ರಾ? ನಿಮಗೆ ಬಾಯ್ ಮಾಡೋದೊಂದೇ ಗೊತ್ತು” ಎಂದಳು. ಇಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲ, ಅದಕ್ಕೂ ಅವಳ ಮೇಲೆ ರೇಗಿದೆ. ರೇಗಿ, ಜಟಕಾ ತಂದೆ.

ಅತ್ತೆಯನ್ನು ಕಂಡೊಡನೆ ಗುರುಸಿದ್ದಯ್ಯ ಯಾರೆಂದು ಊಹಿಸಿಬಿಟ್ಟರು. “ಓ, ಕೋಳಿಯಮ್ಮ ಇವರೇನಾ?” ಎಂದರು. ತೋರಿಸುವುದಿಲ್ಲ ಎಂದರು. ಇದು ವಸ್ತುಪ್ರದರ್ಶನವಲ್ಲ ಎಂದರು. ಅತ್ತೆ ಅವರ ಮಾತಿಗೆ ಕಾಯದೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಾಗಿತ್ತು. ಬೇರೆ ದಾರಿ ಕಾಣದೆ ಅವರು ಸಿಡುಕುತ್ತಲೇ ತೋರಿಸಿದರು. ಚೂರನ್ನು ಸ್ಪಿರಿಟ್ಟಿನಲ್ಲಿಟ್ಟು ನೀರಿನಂಶ ತೆಗೆಯುವುದು, ಕರಗಿದ ಮೇಣದಲ್ಲಿ ಅದ್ದುವುದು, ಆರಿದ ಮೇಲೆ ಅದು ಪುಟ್ಟ ಮೇಣದ ಗಟ್ಟಿಯಾಗುವುದು. ಆ ಗಟ್ಟಿಯನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಕಚ್ಚಿಸಿ ಚಕ್ರ ತಿರುಗಿಸಿದರೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಾಗಿ ಹೊರಬರುತ್ತಿದ್ದವು. ಬೇಕಾದ ಬಿಲ್ಲೆಯನ್ನು ಗಾಜಿಗೆ ಹತ್ತಿಸಿ, ಬಣ್ಣ ಹಾಕಿ, ಡಾಕ್ಟರ ಮೈಕ್ರೋಸ್ಕೋಪಿನ ಕೆಳಗೆ ಇಡುವುದು. ಅತ್ತೆ ಕಣ್ಣು ಕೀಳದೆ ನೋಡಿದಳು. ಹೆರಿಗೆಯ ಕೋಣೆಯಲ್ಲಿ ಮಾತ್ರ ಅವಳಿಗೆ ಆ ಮುಖ ಬರುತ್ತಿತ್ತು.

“ಮಿಕ್ಕಿದ್ ಮೇಣದ್ ಗಟ್ಟಿ?”

ಗುರುಸಿದ್ದಯ್ಯ ಬೀರುವಿನ ಬಾಗಿಲು ತೆರೆದರು. ಖಾನೆ ಖಾನೆಗಳಲ್ಲಿ ಗಟ್ಟಿಗಳು, ಒಂದೊಂದಕ್ಕೂ ನಂಬರು. “ಇಲ್ಲೇ ಇರ್ತದೆ. ಯಾವುದನ್ನೂ ಎಸೆಯಲ್ಲ.”

“ನಾಯಿ ಬರ್ತದಾ?”

“ಅಮ್ಮಾ, ಬೀಗದ ಕೈ ನನ್ನ ಉಡಿದಾರದಲ್ಲಿ ಇರ್ತದೆ. ನಾಯಿ ಬೀಗ ತೆಗೀತದಾ?”

“ಮಣ್ಣಿಗೆ ಯಾವಾಗ ಆಕ್ತೀರಾ?”

“ಮಣ್ಣಿಗೆ ಹಾಕಲ್ಲ ಅಂತ ಎಷ್ಟು ಸಲ ಹೇಳ್ಬೇಕು ತಾಯಿ? ಇದು ಸರ್ಕಾರದ ಆಸ್ತಿ!”

“ನನ್ ಮಾಂಸ ಸರ್ಕಾರದ್ ಆಸ್ತಿ ಎಂಗಾದಾತು? ಸರ್ಕಾರ ಎತ್ತಿತ್ತಾ ನನ್ನ? ನಾನ್ ಸತ್ ಮೇಲೆ ಮಣ್ಣಿಗ್ ಓಗೋದು ಅರ್ಧ, ನಿಮ್ ಬೀರಲಿ ಅರ್ಧನಾ?”

ಗುರುಸಿದ್ದಯ್ಯ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಹೊರಗೆ ಜನ ಕಾಯುತ್ತಿದ್ದರು. “ಆಯ್ತು ತಾಯಿ, ನೀವು ಸತ್ ಮೇಲೆ ಇವರು ಬಂದು ಕೇಳ್ಲಿ, ಕೊಡ್ತೀನಿ. ಈಗ ಎದ್ದೇಳಿ” ಎಂದರು. ಹೇಗಾದರೂ ತೊಲಗಲಿ ಎಂದು ಹೇಳಿದ ಮಾತು ಅದು. ಅತ್ತೆ ಅಂಗೈ ಚಾಚಿದಳು. “ಕೈ ಮೇಲೆ ಕೈ ಆಕಿ ಯೋಳಿ.” ಅವರು ಕೋಟಿಗೆ ಕೈ ಒರೆಸಿಕೊಂಡು, ಹಲ್ಲು ಕಡಿಯುತ್ತ, ಕೈ ಮೇಲೆ ಕೈ ಹಾಕಿದರು.

ಮಾರನೆಯ ದಿನವೇ ಚೂರು ತೆಗೆಸಿಕೊಂಡಳು. ಈ ಸಲ ಶೀಸೆಯನ್ನು ನನ್ನ ಕೈಗೆ ಕೊಡಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಗುರುಸಿದ್ದಯ್ಯನವರ ಕೈಗೇ ಇಟ್ಟು, “ಇದು ಕೋಳಿ ಅಲ್ಲ” ಎಂದಳು. ರಿಪೋರ್ಟು ಬಂತು. ಕ್ಯಾನ್ಸರ್. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಪಕ್ಕದಲ್ಲಿ ನಿಂತು, “ಏಳು, ಜನ ನೋಡ್ತಾರೆ” ಎಂದು ತೋಳು ಹಿಡಿದು ಎಬ್ಬಿಸಿದಳು. ಕೊಯ್ಯುವುದಕ್ಕೆ ಇನ್ನೂ ಹೊತ್ತು ಮೀರಿಲ್ಲ ಎಂದು ಸರ್ಜನ್ ಹೇಳಿದ್ದನ್ನು ನನಗೆ ಅವಳೇ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಆಪರೇಷನ್ನಿನಲ್ಲಿ ತೆಗೆದ ಕರುಳನ್ನೂ ಅವಳು ಬಿಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಉಳಿದದ್ದನ್ನು ಗುರುಸಿದ್ದಯ್ಯ ಡಬ್ಬದಲ್ಲಿ ಹಾಕಿ, ನನ್ನ ಮುಖ ನೋಡದೆ ಕೊಟ್ಟರು. ನಮ್ಮ ಹಿತ್ತಲಿಗೆ ಇನ್ನೊಂದು ಕಲ್ಲು ಬಂತು. ಹೊಟ್ಟೆಯ ಮೇಲಿನ ದಾರಿಗೆ ಹತ್ತಿ ಇಟ್ಟು ಬಟ್ಟೆ ಬಿಗಿಯುವುದನ್ನು ಚಾಮುಂಡೇಶ್ವರಿ ಅಳುಕುತ್ತ ಕಲಿಯುತ್ತಿದ್ದರೆ, ಅತ್ತೆ ಅವಳ ಕೈ ತಳ್ಳಿ ತಾನೇ ಮಾಡಿಕೊಂಡಳು. “ಊರ್ ಮಕ್ಳ ಏಲು ಬಾಚಿದ್ ಕೈ ಕಣಮ್ಮ ಇದು. ನಂದ್ಕೆ ಅಸಹ್ಯ ಪಡ್ತದಾ?” ಎಂದಳು. ಆ ಬಟ್ಟೆ ಬಿಗಿದುಕೊಂಡೇ ನನ್ನ ಮಕ್ಕಳಿಬ್ಬರ ಹೆರಿಗೆಯನ್ನೂ ಮಾಡಿಸಿದಳು. ಬಸಮ್ಮ ಮಾತ್ರ, ತನ್ನ ಬೇರಿನಿಂದಲೇ ವಾಸಿಯಾಯಿತೆಂದು ಕೇರಿಯಲ್ಲೆಲ್ಲ ಸಾರಿಕೊಂಡು ಬಂದಳು. ಯಾರಿಗೆ ಹೇಳುವುದು?

ವರ್ಷಾ ವರ್ಷಾ ಆಯುಧಪೂಜೆಗೆ ನನಗೊಂದು ಶಿಕ್ಷೆ ಇರುತ್ತಿತ್ತು. ಊರೆಲ್ಲ ದಸರಾ ಸಡಗರದಲ್ಲಿದ್ದರೆ ನಾನು ಅತ್ತೆಯನ್ನು ಲ್ಯಾಬೊರೇಟರಿಗೆ ಕರೆದೊಯ್ಯಬೇಕು. ಅಲ್ಲಿ ಮೈಕ್ರೋಟೋಮಿಗೆ ಗುರುಸಿದ್ದಯ್ಯ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿರುತ್ತಿದ್ದರು. ಅತ್ತೆ ಯಂತ್ರಕ್ಕೆ ಕೈ ಮುಗಿದು, ಬೀರು ತೆಗೆಸಿ, ತನ್ನ ಗಟ್ಟಿ ಇದೆಯೇ ಎಂದು ನೋಡುತ್ತಿದ್ದಳು. “ಎಲ್ಲಿಗೂ ಓಡಿ ಹೋಗಿಲ್ಲ ತಾಯಿ” ಎಂದು ಅವರು ಸಿಡುಕುತ್ತಿದ್ದರು. ಆಮೇಲೆ ಇಬ್ಬರೂ ಕೂತು ಪುರಿ ತಿನ್ನುತ್ತಿದ್ದರು. ನಾನು ಹೊರಗೆ ಬಿಸಿಲಲ್ಲಿ ಸೈಕಲ್ ಕಾಯುತ್ತಿದ್ದೆ.

ಅರವತ್ತನಾಲ್ಕರಲ್ಲಿ ಕಾಯಿಲೆ ಮತ್ತೆ ಬಂತು. ಈ ಸಲ ಲಿವರಿಗೆ ಹರಡಿತ್ತು. ಡಾಕ್ಟರು ಹೇಳಿದ್ದನ್ನು ನಾನು ತಿರುಚಿ ಮುರುಚಿ ಹೇಳಲು ಹೋದೆ.

“ಈಲಿಗಾ?” ಎಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆ ಕೋಳಿ ಸೇಡು ತೀರಿಸ್ಕೊಂತು ಕಣೋ ಮಾದೇವು!” ಅಂಥ ಹೊತ್ತಿನಲ್ಲಿ ನಗುವ ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಳು ಹೋದದ್ದು ಒಂದು ಬುಧವಾರ ಬೆಳಿಗ್ಗೆ. ಮೈ ತೊಳೆಯಲು ಹೆಂಗಸರು ನೀರು ಕಾಯಿಸುತ್ತಿದ್ದರು. ನಾನು ಸೈಕಲ್ ಹತ್ತಿದೆ. ಹೆಣ ಮನೆಯಲ್ಲಿಟ್ಟು ಎಲ್ಲಿಗೆ ಹೊರಟನೆಂದು ಜನ ಬಾಯಿಗೆ ಕೈ ಇಟ್ಟರು. ಲ್ಯಾಬೊರೇಟರಿಯಲ್ಲಿ ಗುರುಸಿದ್ದಯ್ಯ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಅವರು ಉಡಿದಾರದಿಂದ ಬೀಗದ ಕೈ ಬಿಚ್ಚಿದರು.

“ಪೂರ್ತಿ ಕೊಡೋಕಾಗಲ್ಲ ಕಣ್ರೀ. ಸರ್ಕಾರದ್ದು” ಎಂದರು. ಆಗಲೂ ಸಿಡುಕು ಬಿಟ್ಟಿರಲಿಲ್ಲ. ಗಟ್ಟಿಯನ್ನು ಯಂತ್ರಕ್ಕೆ ಕಚ್ಚಿಸಿ ಚಕ್ರ ತಿರುಗಿಸಿದರು. ಅತ್ತೆಯ ಮಾಂಸವನ್ನು ಹೊತ್ತ ಮೇಣದ ಪಟ್ಟಿ, ಗೇಣುದ್ದ, ಉಸಿರಿಗೂ ಅಲುಗುವಷ್ಟು ಹಗುರ, ಹೊರಬಂತು. ಅದನ್ನು ವೀಳ್ಯದೆಲೆಯಲ್ಲಿ ಮಡಚಿ ನನ್ನ ಅಂಗೈ ಮೇಲಿಟ್ಟು, ತಮ್ಮ ಕೈಯನ್ನು ಅದರ ಮೇಲೆ ಇಟ್ಟರು. “ಕೊಟ್ಟೆ ಅಂತ ಹೇಳ್ಬುಡಿ ಅವರಿಗೆ” ಎಂದರು.

ಗುಂಡಿಗೆ ಇಳಿಸಿದ ಮೇಲೆ ಆ ಎಲೆಯನ್ನು ಅವಳ ಎದೆಯ ಮೇಲಿಟ್ಟು ಅರಿಸಿನ ಹಾಕಿದೆ. ಆಗ ಬೇವಿನ ಸೊಪ್ಪು ಮರೆತದ್ದು ನೆನಪಾಯಿತು. ಹೊತ್ತು ಮುಳುಗುತ್ತದೆ ಎಂದು ಹಿರಿಯರು ಗದರಿದರೂ ಕೇಳದೆ, ಎಲ್ಲರನ್ನೂ ನಿಲ್ಲಿಸಿ ಮನೆಗೆ ಓಡಿದೆ. ಸತ್ತ ಮೇಲೂ ಓಡಾಡಿಸುವುದನ್ನು ಬಿಡಲಿಲ್ಲ ಮಹಾತಾಯಿ. ಹಿತ್ತಲಲ್ಲಿ ಸೊಪ್ಪು ಮುರಿದುಕೊಂಡವನು ಒಗೆಯುವ ಕಲ್ಲಿನ ಪಕ್ಕ ನಿಂತೆ. ನಾನು ಹುಟ್ಟಿದ ದಿನ, ಒಳಗೆ ನನ್ನ ಅವ್ವ ಸಾಯುತ್ತಿದ್ದಾಗಲೂ ಹೊರಗೆ ಬಂದು ನನ್ನ ಮಾಸಿನ ಮೇಲೆ ಅವಳು ಇಟ್ಟಿದ್ದ ಆ ಚಪ್ಪಟೆ ಕಲ್ಲು ಅಲ್ಲೇ ಇತ್ತು. ಅದನ್ನು ಕಿತ್ತು ಹೆಗಲಿಗೇರಿಸಿಕೊಂಡೆ.

ಮಣ್ಣೆಳೆದ ಮೇಲೆ ಅದನ್ನೇ ಅವಳ ತಲೆಯ ಕಡೆ ಇಟ್ಟೆ. ನನ್ನದನ್ನು ಬಯಲು ಮಾಡಿ ಬಂದೆನಲ್ಲ ಎಂದು ಅದಕ್ಕೂ ಅವಳು ಬೈಯುತ್ತಿದ್ದಳು. ಬೈಸಿಕೊಳ್ಳಲು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.